ಶಾಖ ಪೋಲಾಗುವುದನ್ನು ಸಹಿಸದ ರುಡಾಲ್ಫ್ ಡೀಸೆಲ್

ಮಕ್ಕಳೇ, ಪೆಟ್ರೋಲ್ ಬಂಕಿನ ಮುಂದೆ ಹಾದುಹೋಗುವಾಗ ಫಲಕದ ಮೇಲೆ ‘ಡೀಸೆಲ್’ ಎಂಬ ಪದವನ್ನು ನೀವೆಲ್ಲ ಓದಿದ್ದೀರಿ. ಅದು ಒಂದು ಎಣ್ಣೆಯ ಹೆಸರು ಎಂದು ನಿಮಗೆ ಗೊತ್ತು. ಆದರೆ ಆ ಹೆಸರು ಮೊದಲು ಎಣ್ಣೆಗೆ ಬಂದದ್ದಲ್ಲ. ಅದು ಒಬ್ಬ ಎಂಜಿನಿಯರರ ಮನೆತನದ ಹೆಸರು. ಅವರೇ ರುಡಾಲ್ಫ್ ಡೀಸೆಲ್. ಅವರು ರೂಪಿಸಿದ ಎಂಜಿನ್ನಿಗೆ ಅವರ ಹೆಸರು ಬಂತು. ಆ ಎಂಜಿನ್ನಿಗೆ ಹಾಕುವ ಎಣ್ಣೆಗೂ ಕ್ರಮೇಣ ಅದೇ ಹೆಸರು ಉಳಿಯಿತು. ಬಸ್ಸು, ಲಾರಿ, ಟ್ರ್ಯಾಕ್ಟರ್, ಜನರೇಟರ್, ಸರಕು ಹಡಗು ಮುಂತಾದವುಗಳಲ್ಲಿ ಇಂದಿಗೂ ಹೆಚ್ಚಾಗಿ ಇರುವುದು ಅದೇ ಬಗೆಯ ಎಂಜಿನ್.

ಅವರ ಜೀವನದ ಕಥೆಯನ್ನು ಓದುವ ಮೊದಲು ಒಂದು ಪ್ರಶ್ನೆಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ನಿಂತ ಬಸ್ಸಿನ ಅಥವಾ ಲಾರಿಯ ಎಂಜಿನ್ನನ್ನು ಬಹಳ ಹೊತ್ತು ಹಾಗೆಯೇ ಓಡಲು ಬಿಡಬಹುದೇ? ಡೀಸೆಲ್ ಎಂಜಿನ್ನನ್ನು ಪದೇ ಪದೇ ಆರಿಸಬಾರದು, ಓಡುತ್ತಿದ್ದರೇ ಅದಕ್ಕೆ ಒಳ್ಳೆಯದು ಎಂದು ದೊಡ್ಡವರು ಹೇಳುವುದನ್ನು ನೀವು ಕೇಳಿರಬಹುದು. ಇದು ಸರಿಯೇ? ಉತ್ತರವನ್ನು ಕಂಡುಕೊಳ್ಳಲು ರುಡಾಲ್ಫ್ ಡೀಸೆಲ್ ಅವರ ಬದುಕೇ ನಮಗೆ ಸಹಾಯ ಮಾಡುತ್ತದೆ.

ತಳ್ಳುಗಾಡಿಯ ಹುಡುಗ

ರುಡಾಲ್ಫ್ ಹುಟ್ಟಿದ್ದು 1858ರ ಮಾರ್ಚ್ 18ರಂದು, ಫ್ರಾನ್ಸ್ ದೇಶದ ಪ್ಯಾರಿಸ್ ನಗರದಲ್ಲಿ. ತಂದೆ ತಾಯಿ ಜರ್ಮನಿಯ ಬವೇರಿಯಾ ಪ್ರಾಂತ್ಯದವರು. ತಂದೆ ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸ ಕಲಿತವರು. ಪ್ಯಾರಿಸ್ಸಿನಲ್ಲಿ ಅವರು ಚರ್ಮದ ವಸ್ತುಗಳನ್ನು ಮಾಡಿ ಮಾರುತ್ತಿದ್ದರು. ಮನೆಯಲ್ಲಿ ಹಣಕ್ಕೆ ಯಾವಾಗಲೂ ತಾಪತ್ರಯ. ಸಿದ್ಧವಾದ ವಸ್ತುಗಳನ್ನು ತಳ್ಳುಗಾಡಿಯಲ್ಲಿ ಇಟ್ಟುಕೊಂಡು ಗಿರಾಕಿಗಳ ಮನೆಗೆ ಮುಟ್ಟಿಸುವ ಕೆಲಸ ಬಾಲಕ ರುಡಾಲ್ಫನದು. ಬಿಡುವು ಸಿಕ್ಕಾಗ ಅವನು ನಗರದ ಯಂತ್ರಗಳ ವಸ್ತುಸಂಗ್ರಹಾಲಯಕ್ಕೆ ಹೋಗುತ್ತಿದ್ದ. 1770ರ ಸುಮಾರಿಗೆ ತಯಾರಾದ ಕ್ಯುನೊ ಎಂಬಾತನ ಉಗಿಬಂಡಿ ಅಲ್ಲಿತ್ತು. ಕುದುರೆ ಇಲ್ಲದೆ ಚಲಿಸಿದ ಆ ಬಂಡಿಯನ್ನು ನೋಡುತ್ತಾ ನಿಲ್ಲುವುದು, ಯಂತ್ರಗಳ ಚಿತ್ರ ಬರೆಯುವುದು ಅವನಿಗೆ ಬಲು ಇಷ್ಟ.

1870ರಲ್ಲಿ ಫ್ರಾನ್ಸ್ ಮತ್ತು ಪ್ರಶ್ಯಾ ದೇಶಗಳ ನಡುವೆ ಯುದ್ಧ ಆರಂಭವಾಯಿತು. ಜರ್ಮನ್ ಮೂಲದ ಕುಟುಂಬಗಳು ಪ್ಯಾರಿಸ್ ಬಿಡಬೇಕಾಯಿತು. ಡೀಸೆಲ್ ಕುಟುಂಬ ಲಂಡನ್ ಸೇರಿತು. ಅಲ್ಲಿ ಎಲ್ಲರಿಗೂ ಹೊಟ್ಟೆ ತುಂಬಿಸುವುದೇ ಕಷ್ಟವಾದಾಗ, 12 ವರ್ಷದ ರುಡಾಲ್ಫನನ್ನು ಜರ್ಮನಿಯ ಆಗ್ಸ್‌ಬರ್ಗ್ ಊರಿನಲ್ಲಿದ್ದ ಬಂಧುಗಳ ಮನೆಗೆ ಕಳುಹಿಸಿದರು. ಆ ಮನೆಯ ಯಜಮಾನರು ಗಣಿತದ ಉಪಾಧ್ಯಾಯರು. ಅವರು ಪಾಠ ಹೇಳುತ್ತಿದ್ದ ಶಾಲೆಗೇ ರುಡಾಲ್ಫ್ ಸೇರಿದ. 14ನೆಯ ವಯಸ್ಸಿನಲ್ಲೇ, ತಾನು ಎಂಜಿನಿಯರ್ ಆಗುವುದಾಗಿ ತಂದೆ ತಾಯಿಗೆ ಪತ್ರ ಬರೆದ. ದುಡಿಮೆಗೆ ಹೋಗು ಎಂಬ ಒತ್ತಾಯ ಮನೆಯಿಂದ ಇದ್ದರೂ ಅವನು ಓದು ಬಿಡಲಿಲ್ಲ. 1875ರಲ್ಲಿ ವಿದ್ಯಾರ್ಥಿವೇತನ ದೊರೆತು, ಮ್ಯೂನಿಕ್ ನಗರದ ತಾಂತ್ರಿಕ ವಿದ್ಯಾಲಯಕ್ಕೆ ಸೇರಿದ.

ನೂರರಲ್ಲಿ ತೊಂಬತ್ತು ಪಾಲು ನಷ್ಟ

ಮ್ಯೂನಿಕ್‌ನಲ್ಲಿ ಅವನಿಗೆ ಕಾರ್ಲ್ ಫಾನ್ ಲಿಂಡೆ ಎಂಬ ಪ್ರಾಧ್ಯಾಪಕರು ಸಿಕ್ಕರು. ಯಂತ್ರದಿಂದ ಮಂಜುಗಡ್ಡೆ ತಯಾರಿಸುವ ವಿಧಾನವನ್ನು ಬೆಳೆಸಿದ ಪ್ರಸಿದ್ಧ ವಿಜ್ಞಾನಿ ಇವರೇ. ಒಂದು ದಿನ ಅವರು ಉಗಿಯಂತ್ರದ ಬಗ್ಗೆ ಪಾಠ ಮಾಡುತ್ತಿದ್ದರು. ಆ ಕಾಲದಲ್ಲಿ ಕಾರ್ಖಾನೆ, ರೈಲು, ಹಡಗು ಎಲ್ಲವೂ ಉಗಿಯಂತ್ರದಿಂದಲೇ ನಡೆಯುತ್ತಿದ್ದವು. ಕಲ್ಲಿದ್ದಲನ್ನು ಸುಟ್ಟಾಗ ಬರುವ ಶಾಖದಲ್ಲಿ ನೂರಕ್ಕೆ ಆರರಿಂದ ಹತ್ತು ಪಾಲು ಮಾತ್ರ ಉಪಯುಕ್ತ ಕೆಲಸವಾಗುತ್ತದೆ, ಉಳಿದದ್ದೆಲ್ಲ ಗಾಳಿಗೆ ಹೋಗುತ್ತದೆ ಎಂದು ಲಿಂಡೆ ವಿವರಿಸಿದರು.

ಇದನ್ನು ನಿಮ್ಮ ಮನೆಯ ಲೆಕ್ಕದಲ್ಲಿ ಯೋಚಿಸಿ. ನೂರು ಸೌದೆ ಉರಿಸಿದಾಗ ಹತ್ತು ಸೌದೆಯ ಶಾಖ ಮಾತ್ರ ಪಾತ್ರೆಗೆ ತಾಗಿ, ಉಳಿದ ತೊಂಬತ್ತು ಸೌದೆಯ ಶಾಖ ಹೊಗೆಗೂಡಿನಿಂದ ಹೊರಗೆ ಹೋದರೆ ಸೌದೆ ಹೊತ್ತು ತಂದವರಿಗೆ ಹೇಗನಿಸೀತು? ಯುವಕ ರುಡಾಲ್ಫನಿಗೂ ಹಾಗೆಯೇ ಅನಿಸಿತು. ಇದಕ್ಕಿಂತ ಹೆಚ್ಚು ಶಾಖವನ್ನು ಕೆಲಸವಾಗಿ ಪರಿವರ್ತಿಸುವ ಎಂಜಿನ್ ಸಾಧ್ಯವೇ ಎಂದು ಪರಿಶೀಲಿಸಬೇಕೆಂದು ಟಿಪ್ಪಣಿ ಪುಸ್ತಕದ ಅಂಚಿನಲ್ಲಿ ಗುರುತು ಮಾಡಿಕೊಂಡ.

ಶಾಖ ಕೊಟ್ಟಷ್ಟಕ್ಕೆ ಎಷ್ಟು ಕೆಲಸ ಸಿಕ್ಕಿತು ಎಂಬ ಈ ಪ್ರಮಾಣಕ್ಕೆ ‘ದಕ್ಷತೆ’ ಎಂದು ಹೆಸರು. ಈ ಪದವನ್ನು ನೆನಪಿಡಿ. ಡೀಸೆಲ್ ಅವರ ಇಡೀ ಜೀವನ ಈ ಒಂದು ಪದದ ಹಿಂದೆ ನಡೆಯಿತು.

1879ರಲ್ಲಿ ವಿಷಮಶೀತ ಜ್ವರ ಬಂದು ಅವರ ಪರೀಕ್ಷೆ ತಪ್ಪಿತು. 1880ರ ಜನವರಿಯಲ್ಲಿ ಪರೀಕ್ಷೆ ಬರೆದು ಅತ್ಯುತ್ತಮ ಶ್ರೇಣಿಯಲ್ಲಿ ಪಾಸಾದರು. ನಂತರ ಪ್ಯಾರಿಸ್ಸಿನಲ್ಲಿ ಲಿಂಡೆಯವರ ಮಂಜುಗಡ್ಡೆ ಕಾರ್ಖಾನೆಯ ಕೆಲಸಕ್ಕೆ ಸೇರಿದರು. 1883ರಲ್ಲಿ ಮಾರ್ಥಾ ಎಂಬುವರನ್ನು ಮದುವೆಯಾದರು. ಮೂವರು ಮಕ್ಕಳಾದರು. ಹಗಲೆಲ್ಲ ಕಾರ್ಖಾನೆಯ ಕೆಲಸ, ಉಳಿದ ಹೊತ್ತು ಹೊಸ ಎಂಜಿನ್ನಿನ ಚಿಂತೆ. ಉಗಿಯ ಬದಲು ಅಮೋನಿಯಾ ಆವಿಯಿಂದ ನಡೆಯುವ ಎಂಜಿನ್ನಿಗಾಗಿ ಹಲವು ವರ್ಷ ದುಡಿದರು. ಅದು ಫಲ ಕೊಡಲಿಲ್ಲ. 1890ರಲ್ಲಿ ಅವರು ಬರ್ಲಿನ್ ನಗರಕ್ಕೆ ಬಂದರು. ಅಲ್ಲಿ ಅವರ ಯೋಚನೆ ಬೇರೆ ದಾರಿ ಹಿಡಿಯಿತು.

ಪಂಪು ಏಕೆ ಬಿಸಿಯಾಗುತ್ತದೆ?

ಸೈಕಲ್ ಟ್ಯೂಬಿಗೆ ಗಾಳಿ ಹೊಡೆದ ಮೇಲೆ ಪಂಪಿನ ಬುಡವನ್ನು ಮುಟ್ಟಿ ನೋಡಿದ್ದೀರಾ? ಅದು ಬಿಸಿಯಾಗಿರುತ್ತದೆ. ಗಾಳಿಯನ್ನು ಬೇಗನೆ ಒತ್ತಿ ಚಿಕ್ಕ ಜಾಗಕ್ಕೆ ತಳ್ಳಿದಾಗ ಅದರ ಉಷ್ಣತೆ ಏರುತ್ತದೆ. ಆಗ್ನೇಯ ಏಷ್ಯಾದ ಜನ ಈ ಸಂಗತಿಯನ್ನು ಬಹಳ ಹಿಂದೆಯೇ ಬಳಸಿಕೊಂಡಿದ್ದರು. ಒಂದು ಕಡೆ ಮುಚ್ಚಿದ ಸಣ್ಣ ಕೊಳವೆಯೊಳಗೆ ಒಣ ನಾರಿನ ಚೂರು ಇಟ್ಟು, ಬಿಗಿಯಾದ ಕಡ್ಡಿಯನ್ನು ಒಮ್ಮೆಲೇ ಒಳಕ್ಕೆ ಗುದ್ದಿದರೆ ನಾರು ಕಿಡಿ ಹಿಡಿಯುತ್ತಿತ್ತು. ಬೆಂಕಿಕಡ್ಡಿಯ ಅಗತ್ಯವೇ ಇರಲಿಲ್ಲ.

ಡೀಸೆಲ್ ಇದನ್ನೇ ಎಂಜಿನ್ನಿಗೆ ಅನ್ವಯಿಸಿದರು. ಸಿಲಿಂಡರ್ ಎಂಬ ಕಬ್ಬಿಣದ ಕೊಳವೆಯೊಳಗೆ ಬರಿಯ ಗಾಳಿ ಬರುತ್ತದೆ. ಪಿಸ್ಟನ್ ಅದನ್ನು ವಾತಾವರಣದ ಒತ್ತಡದ 30 ಪಟ್ಟಿಗಿಂತಲೂ ಹೆಚ್ಚಾಗಿ ಒತ್ತುತ್ತದೆ. ಗಾಳಿಯ ಉಷ್ಣತೆ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆಗ ಸ್ವಲ್ಪ ಎಣ್ಣೆಯನ್ನು ಸೂಕ್ಷ್ಮ ಹನಿಗಳಾಗಿ ಒಳಗೆ ಚಿಮ್ಮಿಸಿದರೆ ಅದು ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಪೆಟ್ರೋಲ್ ಎಂಜಿನ್ನಿಗೆ ಬೇಕಾದ ವಿದ್ಯುತ್ ಕಿಡಿ ಇಲ್ಲಿ ಬೇಡ. ಉರಿದ ಅನಿಲ ಹಿಗ್ಗಿ ಪಿಸ್ಟನ್ನನ್ನು ಹಿಂದಕ್ಕೆ ತಳ್ಳುತ್ತದೆ, ಚಕ್ರ ತಿರುಗುತ್ತದೆ. ಗಾಳಿಯನ್ನು ಹೆಚ್ಚು ಒತ್ತಿದಷ್ಟೂ, ಅನಿಲ ಹೆಚ್ಚು ಹಿಗ್ಗಿದಷ್ಟೂ ಶಾಖದ ಹೆಚ್ಚು ಪಾಲು ಕೆಲಸವಾಗುತ್ತದೆ.

ಈ ವಿಧಾನಕ್ಕೆ 1893ರಲ್ಲಿ ಅವರಿಗೆ ಜರ್ಮನಿಯಲ್ಲಿ ಪೇಟೆಂಟ್ ದೊರೆಯಿತು. ಆದರೆ ಅದು ಇನ್ನೂ ಕಾಗದದ ಮೇಲಿನ ಎಂಜಿನ್. ಆಗ್ಸ್‌ಬರ್ಗ್ ಊರಿನ ಯಂತ್ರ ಕಾರ್ಖಾನೆಯೊಂದು ಅದನ್ನು ತಯಾರಿಸಿ ನೋಡಲು ಒಪ್ಪಿತು.

ಒಂದು ನಿಮಿಷ ಮತ್ತು ಮೂರು ವರ್ಷ

ಮೊದಲ ಎಂಜಿನ್ನಿನ ಎತ್ತರ ಸುಮಾರು 3 ಮೀಟರ್. 1893ರ ಆಗಸ್ಟ್ 10ರಂದು ಅದನ್ನು ಪರೀಕ್ಷಿಸಿದರು. ಇಂಧನ ಒಳಗೆ ಹೋದೊಡನೆ ಭಾರಿ ಸ್ಫೋಟವಾಗಿ, ಒತ್ತಡ ಅಳೆಯುವ ಉಪಕರಣ ಸಿಡಿದು ಚೂರಾಯಿತು. ಅದೃಷ್ಟಕ್ಕೆ ಯಾರ ಪ್ರಾಣಕ್ಕೂ ಅಪಾಯವಾಗಲಿಲ್ಲ. ಡೀಸೆಲ್ ಧೈರ್ಯಗೆಡಲಿಲ್ಲ. ಒತ್ತಿದ ಗಾಳಿಯ ಶಾಖದಿಂದಲೇ ಇಂಧನ ಹೊತ್ತಿಕೊಳ್ಳುತ್ತದೆ ಎಂಬುದು ಆ ಸ್ಫೋಟದಿಂದಲೇ ಸಿದ್ಧವಾಗಿತ್ತು.

ಎಂಜಿನ್ನನ್ನು ತಿದ್ದಿ ಮತ್ತೆ ಕಟ್ಟಿದರು. 1894ರ ಫೆಬ್ರವರಿ 17ರಂದು ಮತ್ತೆ ಪರೀಕ್ಷೆ. ಕಾರ್ಖಾನೆಯ ಪಟ್ಟಿಯಿಂದ ಎಂಜಿನ್ನನ್ನು ತಿರುಗಿಸುತ್ತಿದ್ದಾಗ, ಒಂದು ಗಳಿಗೆಯಲ್ಲಿ ಎಂಜಿನ್ನೇ ಪಟ್ಟಿಯನ್ನು ಎಳೆಯತೊಡಗಿತು. ಇದನ್ನು ಮೊದಲು ಕಂಡ ಕೆಲಸಗಾರರೊಬ್ಬರು ಮೌನವಾಗಿ ಟೋಪಿ ತೆಗೆದು ಗೌರವ ಸೂಚಿಸಿದರು ಎಂದು ಹೇಳುತ್ತಾರೆ. ಆ ದಿನ ಎಂಜಿನ್ ತನ್ನ ಸ್ವಂತ ಬಲದಿಂದ ಸುಮಾರು ಒಂದು ನಿಮಿಷ, ನಿಮಿಷಕ್ಕೆ 88 ಸುತ್ತಿನಂತೆ ತಿರುಗಿತು.

ಇಲ್ಲಿ ನೀವು ಒಂದು ವಿಷಯ ಗಮನಿಸಬೇಕು. ಆ ಒಂದು ನಿಮಿಷದಲ್ಲಿ ಎಂಜಿನ್ ಯಾವ ಭಾರವನ್ನೂ ಎಳೆಯಲಿಲ್ಲ, ನೀರು ಎತ್ತಲಿಲ್ಲ, ಯಂತ್ರ ನಡೆಸಲಿಲ್ಲ. ತನ್ನನ್ನು ತಾನು ತಿರುಗಿಸಿಕೊಂಡಿತು, ಅಷ್ಟೆ. ಎಂಜಿನ್ ಹೀಗೆ ಹೊರೆ ಇಲ್ಲದೆ ಓಡುವುದಕ್ಕೆ ‘ಐಡ್ಲಿಂಗ್’ ಎನ್ನುತ್ತಾರೆ. ಎಂಜಿನ್ ಓಡಬಲ್ಲದು ಎಂಬುದಕ್ಕೆ ಅದು ಸಾಕ್ಷಿಯಾಯಿತು. ಆದರೆ ಶಾಖದಿಂದ ಕೆಲಸ ಪಡೆಯಬೇಕು ಎಂಬ ಡೀಸೆಲ್ ಅವರ ಗುರಿ ಇನ್ನೂ ದೂರವೇ ಇತ್ತು.

ಅದಕ್ಕೆ ಇನ್ನೂ ಮೂರು ವರ್ಷ ಬೇಕಾಯಿತು. ಇಂಧನವನ್ನು ಚಿಮ್ಮಿಸುವ ಬಗೆ, ಪಿಸ್ಟನ್ನಿನ ಬಿಗಿತ, ಕವಾಟಗಳು ಎಲ್ಲವನ್ನೂ ಮತ್ತೆ ಮತ್ತೆ ಬದಲಾಯಿಸಿದರು. 1897ರ ಫೆಬ್ರವರಿ 17ರಂದು, ಅಂದರೆ ಸರಿಯಾಗಿ ಮೂರು ವರ್ಷಗಳ ನಂತರ, ಮ್ಯೂನಿಕ್‌ನ ಪ್ರಾಧ್ಯಾಪಕ ಮೋರಿಟ್ಸ್ ಶ್ರೋಟರ್ ಹೊಸ ಎಂಜಿನ್ನಿಗೆ ಹೊರೆ ಕೊಟ್ಟು ಅಳೆದರು. ಸುಮಾರು 20 ಅಶ್ವಶಕ್ತಿಯ ಆ ಎಂಜಿನ್ನಿನ ದಕ್ಷತೆ ಶೇಕಡ 26.2 ಎಂದು ಕಂಡುಬಂತು. ಅಂದಿನ ಉಗಿಯಂತ್ರಗಳು ಅದರ ಹತ್ತಿರಕ್ಕೂ ಬರುವಂತಿರಲಿಲ್ಲ.

ಕಡಲೆಕಾಯಿ ಎಣ್ಣೆ, ಕೀರ್ತಿ ಮತ್ತು ಸಾಲ

ಡೀಸೆಲ್ ಅವರಿಗೆ ಇನ್ನೊಂದು ಆಸೆಯೂ ಇತ್ತು. ದೊಡ್ಡ ಉಗಿಯಂತ್ರ ಕೊಳ್ಳಲು ಶ್ರೀಮಂತ ಕಾರ್ಖಾನೆಗಳಿಗೆ ಮಾತ್ರ ಸಾಧ್ಯವಿತ್ತು. ತಮ್ಮ ತಂದೆಯಂಥ ಕೈಕಸುಬಿನವರಿಗೂ ಎಟುಕುವ ಚಿಕ್ಕ ಎಂಜಿನ್ ಬೇಕು ಎಂದು ಅವರು ಬಯಸಿದ್ದರು. 1900ರ ಪ್ಯಾರಿಸ್ ವಿಶ್ವ ಪ್ರದರ್ಶನದಲ್ಲಿ ಅವರ ಎಂಜಿನ್ನಿಗೆ ಅತ್ಯುನ್ನತ ಬಹುಮಾನ ಸಿಕ್ಕಿತು. ಅಲ್ಲಿ ಚಿಕ್ಕ ಡೀಸೆಲ್ ಎಂಜಿನ್ನೊಂದನ್ನು ಕಡಲೆಕಾಯಿ ಎಣ್ಣೆಯಿಂದ ಓಡಿಸಿ ತೋರಿಸಿದರು. ಹೊಲದಲ್ಲಿ ಬೆಳೆಯುವ ಎಣ್ಣೆ ಒಂದು ದಿನ ಮುಖ್ಯ ಇಂಧನವಾಗಬಹುದು ಎಂದು ಡೀಸೆಲ್ ಮುಂದೆ ಅಭಿಪ್ರಾಯಪಟ್ಟರು. ಇದೇ ದಾರಿಯಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಹೊಂಗೆ ಎಣ್ಣೆಯಿಂದ ಡೀಸೆಲ್ ಎಂಜಿನ್ ಓಡಿಸಿದ್ದಾರೆ. ನಿಮ್ಮ ಶಾಲೆಯ ಬೇಲಿಯಲ್ಲಿ ಹೊಂಗೆ ಮರವಿದ್ದರೆ ಅದರ ಬೀಜವನ್ನು ಕೈಗೆತ್ತಿಕೊಂಡು ನೋಡಿ.

ಕೀರ್ತಿಯ ಜೊತೆಗೆ ಕಷ್ಟವೂ ಬಂತು. ಆರಂಭದಲ್ಲಿ ಮಾರಾಟವಾದ ಕೆಲವು ಎಂಜಿನ್ನುಗಳು ಕೆಟ್ಟು ನಿಂತವು. ಪೇಟೆಂಟ್ ವಿಷಯದಲ್ಲಿ ವ್ಯಾಜ್ಯಗಳು ಎದ್ದವು. ಅತಿಯಾದ ದುಡಿಮೆಯಿಂದ 1898ರಲ್ಲಿ ಆರೋಗ್ಯ ಹದಗೆಟ್ಟು ಅವರು ಆಸ್ಪತ್ರೆ ಸೇರಿದರು. ಬಂದ ಹಣವನ್ನು ಭೂಮಿ ಮತ್ತು ತೈಲಬಾವಿಗಳ ವ್ಯವಹಾರದಲ್ಲಿ ತೊಡಗಿಸಿ ಬಹಳಷ್ಟನ್ನು ಕಳೆದುಕೊಂಡರು. ಎಂಜಿನ್ ಮಾತ್ರ ಮುಂದಕ್ಕೆ ಸಾಗಿತ್ತು. 1912ರಲ್ಲಿ ಡೀಸೆಲ್ ಎಂಜಿನ್ನಿನ ‘ಸೆಲಾಂಡಿಯಾ’ ಹಡಗು ಡೆನ್ಮಾರ್ಕ್ ದೇಶದಿಂದ ಬ್ಯಾಂಕಾಕ್‌ವರೆಗೆ ಪಯಣಿಸಿತು.

1913ರ ಸೆಪ್ಟೆಂಬರ್ 29ರ ಸಂಜೆ ಡೀಸೆಲ್ ಬೆಲ್ಜಿಯಂನ ಆಂಟ್‌ವರ್ಪ್ ಬಂದರಿನಲ್ಲಿ ಇಂಗ್ಲೆಂಡಿಗೆ ಹೋಗುವ ಹಡಗು ಹತ್ತಿದರು. ರಾತ್ರಿ ಊಟ ಮಾಡಿ ತಮ್ಮ ಕೋಣೆಗೆ ಹೋದರು. ಬೆಳಿಗ್ಗೆ ಅವರು ಹಡಗಿನಲ್ಲಿ ಇರಲಿಲ್ಲ. ಸುಮಾರು ಹತ್ತು ದಿನಗಳ ನಂತರ ಸಮುದ್ರದಲ್ಲಿ ದೊರೆತ ದೇಹದ ಮೇಲಿದ್ದ ವಸ್ತುಗಳನ್ನು ಅವರ ಮಗ ಗುರುತಿಸಿದರು. ಅವರು ನೀರಿಗೆ ಬಿದ್ದದ್ದು ಹೇಗೆ ಎಂಬುದು ಇಂದಿಗೂ ಇತ್ಯರ್ಥವಾಗಿಲ್ಲ. ಆ ವೇಳೆಗೆ ಅವರು ದೊಡ್ಡ ಸಾಲದಲ್ಲಿದ್ದರು ಎಂಬುದು ಮಾತ್ರ ನಿಜ. ಆಗ ಅವರ ವಯಸ್ಸು 55. ಡೀಸೆಲ್ ಲಾರಿ, ಡೀಸೆಲ್ ಕಾರುಗಳು ಮಾರುಕಟ್ಟೆಗೆ ಬಂದದ್ದು 1920 ಮತ್ತು 30ರ ದಶಕಗಳಲ್ಲಿ. ಅವನ್ನು ನೋಡುವ ಭಾಗ್ಯ ಅವರಿಗೆ ಇರಲಿಲ್ಲ.

ಈಗ ನಮ್ಮ ಪ್ರಶ್ನೆಗೆ ಉತ್ತರ

ನಿಂತ ಗಾಡಿಯ ಎಂಜಿನ್ ಓಡುತ್ತಿರುವಾಗ ಅದರ ದಕ್ಷತೆ ಎಷ್ಟು? ಶಾಖ ಖರ್ಚಾಗುತ್ತಿದೆ, ಆದರೆ ಗಾಡಿ ಒಂದು ಅಡಿಯೂ ಮುಂದೆ ಹೋಗುತ್ತಿಲ್ಲ. ಆದ್ದರಿಂದ ಗಾಡಿಯ ಮಟ್ಟಿಗೆ ಅದರ ದಕ್ಷತೆ ಸೊನ್ನೆ. ಡೀಸೆಲ್ ದೂರ ಮಾಡಲು ಹೊರಟ ಉಗಿಯಂತ್ರಕ್ಕಿಂತಲೂ ಇದು ಕಡೆ. ಕಾಂಕ್ರೀಟು ಕಲಸುವ ಲಾರಿಯೋ ಕ್ರೇನೋ ನಿಂತಲ್ಲೇ ಎಂಜಿನ್ ಓಡಿಸಿ ಕೆಲಸ ಮಾಡುತ್ತಿದ್ದರೆ ಅದು ಬೇರೆ ಮಾತು. ಅಲ್ಲಿ ಎಂಜಿನ್ನಿಗೆ ಹೊರೆ ಇರುತ್ತದೆ.

ಡೀಸೆಲ್ ಎಂಜಿನ್ನನ್ನು ಆರಿಸಬಾರದು ಎಂಬ ಮಾತು ಎಲ್ಲಿಂದ ಬಂತು? ಅದಕ್ಕೂ ಕಾರಣಗಳಿವೆ. ಈ ಎಂಜಿನ್ ಹೊತ್ತಿಕೊಳ್ಳುವುದೇ ಬಿಸಿ ಗಾಳಿಯಿಂದ. ಹಿಮ ಬೀಳುವ ದೇಶಗಳಲ್ಲಿ ಗಾಳಿಯೂ ಕಬ್ಬಿಣವೂ ಬಹಳ ತಣ್ಣಗಿರುವುದರಿಂದ ಹಳೆಯ ಎಂಜಿನ್ನುಗಳನ್ನು ಚಾಲೂ ಮಾಡುವುದು ಕಷ್ಟವಾಗುತ್ತಿತ್ತು. ಅತಿಯಾದ ಚಳಿಯಲ್ಲಿ ಡೀಸೆಲ್ ಎಣ್ಣೆಯೇ ಮೇಣದಂತೆ ಗಟ್ಟಿಯಾಗುತ್ತದೆ. ಆದ್ದರಿಂದ ಅಲ್ಲಿನ ಚಾಲಕರು ರಾತ್ರಿಯೆಲ್ಲ ಎಂಜಿನ್ ಓಡಿಸುತ್ತಿದ್ದುದುಂಟು. ಗಾಳಿಯ ಬ್ರೇಕಿರುವ ಬಸ್ಸು ಲಾರಿಗಳಲ್ಲಿ ಹೊರಡುವ ಮುನ್ನ ಟ್ಯಾಂಕಿನಲ್ಲಿ ಗಾಳಿಯ ಒತ್ತಡ ಏರಬೇಕು. ಟರ್ಬೊ ಇರುವ ಎಂಜಿನ್ ಭಾರ ಎಳೆದು ಬಂದಾಗ ತಣಿಯಲು ಸ್ವಲ್ಪ ಹೊತ್ತು ಬೇಕು. ಆದರೆ ಇವೆಲ್ಲ ಕೆಲವೇ ನಿಮಿಷಗಳ ಮಾತು. ನಮ್ಮ ಹವೆಯಲ್ಲಿ ಅರ್ಧ ಗಂಟೆ, ಒಂದು ಗಂಟೆ ಓಡಿಸಲು ಇವು ಕಾರಣವಾಗಲಾರವು.

ಬಹಳ ಹೊತ್ತು ಓಡಿಸಿದರೆ ಎಂಜಿನ್ನಿಗೇ ಹಾನಿ. ಏಕೆಂದರೆ ಹೊರೆ ಇಲ್ಲದಾಗ ಒಳಗೆ ಹೋಗುವ ಇಂಧನ ತೀರಾ ಕಡಿಮೆ, ಗಾಳಿ ಮಾತ್ರ ತುಂಬಾ. ಹೀಗಾಗಿ ಸಿಲಿಂಡರ್ ಸಾಕಷ್ಟು ಬಿಸಿಯಾಗುವುದಿಲ್ಲ. ಇಂಧನ ಪೂರ್ತಿ ಉರಿಯದೆ ಮಸಿಯಾಗಿ ಇಂಧನ ಚಿಮ್ಮಿಸುವ ಮೂತಿಗಳಿಗೆ, ಕವಾಟಗಳಿಗೆ ಅಂಟುತ್ತದೆ. ಉರಿಯದ ಡೀಸೆಲ್ ಗೋಡೆಯ ಮೇಲೆ ಇಳಿದು ಎಂಜಿನ್ ಆಯಿಲ್ ಜೊತೆ ಸೇರಿ ಅದನ್ನು ತೆಳುವಾಗಿಸುತ್ತದೆ. ಭಾರತದಲ್ಲಿ 2020ರ ಏಪ್ರಿಲ್ 1ರಿಂದ ಬಂದ ‘ಭಾರತ್ ಸ್ಟೇಜ್ 6’ ನಿಯಮದಂತೆ ತಯಾರಾದ ಡೀಸೆಲ್ ಗಾಡಿಗಳಲ್ಲಿ ಸಾಮಾನ್ಯವಾಗಿ ಮಸಿ ಹಿಡಿಯುವ ಸೋಸುಕವಿರುತ್ತದೆ. ಅದರಲ್ಲಿ ಕೂಡಿದ ಮಸಿ ಸುಟ್ಟುಹೋಗಲು ಹೊಗೆ ಚೆನ್ನಾಗಿ ಬಿಸಿಯಾಗಿರಬೇಕು. ಸುಮ್ಮನೆ ಓಡುವ ಎಂಜಿನ್ನಿನ ಹೊಗೆಗೆ ಅಷ್ಟು ಬಿಸಿ ಇರುವುದಿಲ್ಲ. ಸೋಸುಕ ಕಟ್ಟಿಕೊಳ್ಳುತ್ತದೆ.

ಇನ್ನು ಖರ್ಚಿನ ಲೆಕ್ಕ. ದೊಡ್ಡ ಲಾರಿಯ ಎಂಜಿನ್ ಸುಮ್ಮನೆ ಓಡುತ್ತಾ ಗಂಟೆಗೆ ಸುಮಾರು 3 ಲೀಟರ್ ಡೀಸೆಲ್ ಕುಡಿಯುತ್ತದೆ. ಅಂದರೆ 20 ನಿಮಿಷಕ್ಕೆ ಒಂದು ಲೀಟರ್. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.6 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಗಾಳಿ ಸೇರುತ್ತದೆ. ರೈಲಿನ ಡೀಸೆಲ್ ಎಂಜಿನ್ ನಿಂತಲ್ಲೇ ಓಡಿದರೆ ಗಂಟೆಗೆ ಸುಮಾರು 25 ಲೀಟರ್ ಬೇಕು. ಇದನ್ನು ತಪ್ಪಿಸಲು ಭಾರತೀಯ ರೈಲ್ವೆ ತನ್ನ ಕೆಲವು ಡೀಸೆಲ್ ಎಂಜಿನ್ನುಗಳಲ್ಲಿ ಒಂದು ಚಿಕ್ಕ ಎಂಜಿನ್ನನ್ನು ಕೂಡಿಸಿತು. ರೈಲು ನಿಂತಾಗ ದೊಡ್ಡದು ಆರುತ್ತದೆ, ಗಂಟೆಗೆ ಸುಮಾರು 3 ಲೀಟರ್ ಬಳಸುವ ಚಿಕ್ಕದು ಬ್ಯಾಟರಿಯನ್ನೂ ಬ್ರೇಕಿನ ಗಾಳಿಯನ್ನೂ ನೋಡಿಕೊಳ್ಳುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ನಮ್ಮ ಉಸಿರು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2012ರಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಓಡುವ ಗಾಡಿಯ ಹೊಗೆ ದಾರಿಯುದ್ದಕ್ಕೂ ಹರಡಿಹೋಗುತ್ತದೆ. ನಿಂತ ಗಾಡಿಯ ಹೊಗೆ ಒಂದೇ ಜಾಗದಲ್ಲಿ ತುಂಬುತ್ತದೆ. ಆ ಜಾಗ ಶಾಲೆಯ ಗೇಟು, ಬಸ್ ನಿಲ್ದಾಣ, ಆಸ್ಪತ್ರೆಯ ಬಾಗಿಲು ಆಗಿರಬಹುದು. ನಿಮ್ಮ ಶ್ವಾಸಕೋಶಗಳು ಇನ್ನೂ ಬೆಳೆಯುತ್ತಿವೆ. ಆದ್ದರಿಂದ ದೊಡ್ಡವರಿಗಿಂತ ನಿಮಗೆ ಅಪಾಯ ಹೆಚ್ಚು. ಹೊಗೆಕೊಳವೆಯ ಹತ್ತಿರ ನಿಲ್ಲಬೇಡಿ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡುತ್ತಿದ್ದರೆ ಒಳಗೆ ಹೋಗಲೇಬೇಡಿ.

ಹಾಗಾದರೆ ಉತ್ತರ ಇಷ್ಟು. ಹೊರಡುವ ಮುನ್ನ, ಬಂದು ನಿಂತ ಮೇಲೆ ಒಂದೆರಡು ನಿಮಿಷ ಓಡಿಸಬಹುದು. ಅದಕ್ಕಿಂತ ಹೆಚ್ಚು ಹೊತ್ತು ನಿಲ್ಲುವುದಾದರೆ ಆರಿಸುವುದೇ ಸರಿ. ಬಿಸಿಯಾಗಿರುವ ಎಂಜಿನ್ನನ್ನು ಮತ್ತೆ ಚಾಲೂ ಮಾಡಲು ಬೇಕಾಗುವ ಇಂಧನ ಬಹಳ ಕಡಿಮೆ.

ಮಾಡಿ ನೋಡಿ

1. ಸೈಕಲ್ ಪಂಪಿನ ಬುಡವನ್ನು ಮೊದಲು ಮುಟ್ಟಿ ನೋಡಿ. ಟ್ಯೂಬಿಗೆ 30 ಸಲ ಬೇಗಬೇಗನೆ ಗಾಳಿ ಹೊಡೆದ ಮೇಲೆ ಮತ್ತೆ ಮುಟ್ಟಿ ನೋಡಿ. ವ್ಯತ್ಯಾಸವನ್ನು ಬರೆದುಕೊಳ್ಳಿ.

2. ನಿಮ್ಮ ಉಪಾಧ್ಯಾಯರ ಜೊತೆಯಲ್ಲಿ, ರಸ್ತೆಯಿಂದ ದೂರದಲ್ಲಿ ಕುಳಿತು, ಶಾಲೆಯ ಮುಂದೆ ನಿಲ್ಲುವ ಬಸ್ಸು ಲಾರಿಗಳು ಎಂಜಿನ್ ಆರಿಸದೆ ಎಷ್ಟು ನಿಮಿಷ ನಿಂತವು ಎಂದು ಒಂದು ವಾರ ಬರೆದಿಡಿ. ಒಟ್ಟು ನಿಮಿಷಗಳನ್ನು 20ರಿಂದ ಭಾಗಿಸಿ. ಪೋಲಾದ ಡೀಸೆಲ್ ಸುಮಾರು ಎಷ್ಟು ಲೀಟರ್ ಎಂದು ತಿಳಿಯುತ್ತದೆ. ಇಂದಿನ ಬೆಲೆಯಿಂದ ಗುಣಿಸಿದರೆ ರೂಪಾಯಿಯ ಲೆಕ್ಕ ಸಿಗುತ್ತದೆ. ಈ ಪಟ್ಟಿಯನ್ನು ಶಾಲೆಯ ಗೋಡೆಪತ್ರಿಕೆಯಲ್ಲಿ ಹಾಕಿ. ನಿಮ್ಮ ಮನೆಯಲ್ಲೋ ನೆರೆಯಲ್ಲೋ ಗಾಡಿ ಓಡಿಸುವವರು ಇದ್ದರೆ, ಅವರಿಗೆ ಈ ಲೆಕ್ಕ ತೋರಿಸಿ ಅವರ ಅನುಭವವನ್ನೂ ಕೇಳಿ ಬರೆದುಕೊಳ್ಳಿ.